ಹರ್ಷದಾ ಬಿಟ್ಟುಕೊಟ್ಟ ರೋಗಿ

ಬುಧಗಾಂವದ ಜೈನ ಮನೆಯ ಹರ್ಷದಾ ಮಿರಜಿನ ಆಸ್ಪತ್ರೆಯೊಂದರ ಐಸಿಯುದಲ್ಲಿ ವೈದ್ಯೆ. ಸೂಜಿ ಚುಚ್ಚಿ ಯಾರನ್ನೂ ಸಾಯಿಸುವುದು ತನ್ನಿಂದಾಗದು ಎನ್ನುತ್ತಿದ್ದಳು. ಉಳಿಯುವ ದಾರಿಯೇ ಇಲ್ಲದ ದೇಹವನ್ನು ಯಂತ್ರಕ್ಕೆ ಕಟ್ಟಿಹಾಕುವುದೂ ಅವಳಿಗೆ ಹಿಂಸೆಯೇ.

ಖಂಡೇರಾಜುರಿಯ ಗುರುಪಾದನ ತಲೆಯನ್ನು ಕಬ್ಬಿನ ಟ್ರೇಲರು ಗೋಡೆಗೆ ಜಜ್ಜಿತ್ತು. ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದವನು ಅವನ ತಮ್ಮ ರೇವಣಸಿದ್ಧ. ಆಪರೇಷನ್ ಆದರೂ ಎಚ್ಚರ ಮರಳಲಿಲ್ಲ. ಎದೆ ಏರಿಳಿಯುತ್ತಿದ್ದುದು ಗಂಟಲಿಗಿಳಿಸಿದ ನಳಿಗೆಯಿಂದ ಉಸಿರೂದುವ ಯಂತ್ರದಿಂದ ಮಾತ್ರ. ಬೆನ್ನಿನ ಹುಣ್ಣು ಕೊಳೆಯತೊಡಗಿತ್ತು.

“ಇವರು ಏಳೂದಿಲ್ಲೇನ್ರಿ?” ಹೆಂಡತಿ ಮಾಯವ್ವ ಕೇಳಿದಳು.

“ಇಲ್ರಿ ಅಕ್ಕಾರ.”

“ಹಂಗಾದ್ರ ಆ ನಳಿಗಿ ತಗೀರಿ. ಸಾಕಾತು ಅವರಿಗೆ.”

ಹಿರಿಯ ವೈದ್ಯ ಸುಧೀರ ಒಪ್ಪಲಿಲ್ಲ. “ಯಂತ್ರ ನಡೀಲಿ ಬಿಡು. ತಾನಾಗೇ ಹೋಗ್ತಾನ. ನಮಗ್ಯಾಕ ಈ ಉಸಾಬರಿ?”

ಹರ್ಷದಾ ಬಿಡಲಿಲ್ಲ. ಕಾನೂನಿನಂತೆ ವೈದ್ಯರ ಎರಡು ಮಂಡಳಿಗಳು ನೋಡಿದವು. ನಳಿಗೆ ತೆಗೆಯಲು ಎರಡೂ ಒಪ್ಪಿದವು.

ಅದನ್ನು ಹೇಳಲು ಅವಳು ಹೊರಬಂದಾಗ ರೇವಣಸಿದ್ಧ ಸಲೈನ್ ಸ್ಟ್ಯಾಂಡ್ ಎತ್ತಿಕೊಂಡ.

“ನಮ್ಮಣ್ಣನ್ನ ಕೊಲ್ಲಾಕ ನೀ ಯಾರ?”

ಮೊದಲ ಏಟಿಗೇ ಹರ್ಷದಾಳ ದವಡೆ ಮುರಿಯಿತು. ಬಿದ್ದವಳ ಬೆನ್ನಿಗೆ ಮತ್ತೊಂದು. ಅಡ್ಡ ಬಂದ ಮಾಯವ್ವನ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಕಾವಲಿನವರು ಎಳೆದೊಯ್ಯುವಾಗ ರೇವಣಸಿದ್ಧ ತನ್ನ ತಲೆಯನ್ನೇ ಕಂಬಕ್ಕೆ ಮತ್ತೆ ಮತ್ತೆ ಚಚ್ಚಿಕೊಂಡ. “ಗಾಡಿ ನಾನ ಹಿಂದ ತಗದಿದ್ದೆ” ಎನ್ನುತ್ತಿದ್ದ.

ದವಡೆಗೆ ತಂತಿ ಬಿಗಿಸಿಕೊಂಡು ಅದೇ ಆಸ್ಪತ್ರೆಯಲ್ಲಿ ಮಲಗಿದ್ದ ಹರ್ಷದಾಗೆ ಗುರುಪಾದನ ನಳಿಗೆ ಈಗಲೇ ತೆಗೆಯಬೇಕೆನ್ನಿಸಿತು. ಹಾಗೆನ್ನಿಸುವಾಗ ಕಣ್ಣೆದುರು ಬಂದದ್ದು ರೋಗಿಯ ಮುಖವಲ್ಲ, ಹೊಡೆದವನದು. ಅವಳು ಬೆದರಿದಳು.

ನೋಡಲು ಬಂದ ಸುಧೀರನಿಗೆ ಹಲ್ಲುಗಳ ಸಂದಿಯಿಂದಲೇ ಹೇಳಿದಳು: “ನನ್ನ ಕೈಲೆ ಬ್ಯಾಡ್ರಿ ಸರ್. ಒಳಗ ಸಿಟ್ಟೈತಿ. ನೀವ ತಗೀರಿ.”

ಸುಧೀರ ರೋಗಿಯ ಫೈಲು ತರಿಸಿಕೊಂಡು ಓದಿ, ತಾನೇ ಹೋಗಿ ಗುರುಪಾದನನ್ನು ಪರೀಕ್ಷಿಸಿ ಬಂದ. “ಆತು, ನಾನ ತಗೀತೇನಿ” ಎಂದ.

ಮರುದಿನ ಪೊಲೀಸರು ಕೈಕೋಳದಲ್ಲೇ ರೇವಣಸಿದ್ಧನನ್ನು ಕರೆತಂದರು. ಅಣ್ಣನನ್ನು ಕೊನೆಯ ಸಲ ನೋಡಲು ಕರೆತರುವಂತೆ ಕೇಳಿದ್ದವಳು ಹರ್ಷದಾ. ಸುಧೀರ ನೋವಿನ ಮದ್ದು ಕೊಟ್ಟು ನಳಿಗೆ ಹೊರತೆಗೆದ. ಗಂಟಲು ಗೊರಗೊರ ಎಂದಿತು. ಮಾಯವ್ವ ಗಂಡನ ಪಾದ ಹಿಡಿದು ಕೂತಳು. ಸಂಜೆಗೆ ಮುನ್ನ ಉಸಿರು ನಿಂತಿತು.

ಗಾಜಿನಾಚೆ ನಿಂತಿದ್ದ ಹರ್ಷದಾಗೆ ರೇವಣಸಿದ್ಧನ ಅಳು ಕೇಳಿ ಕನಿಕರ ಬರಲಿಲ್ಲ. ಅವನ ಮೇಲೆ ಕೊಟ್ಟಿದ್ದ ಪೊಲೀಸ್ ದೂರನ್ನೂ ಹಿಂತೆಗೆದುಕೊಳ್ಳಲಿಲ್ಲ. ದವಡೆ ಕೂಡಿದ ಮೇಲೆ ಅವಳು ಅದೇ ಐಸಿಯುಗೆ ಕೆಲಸಕ್ಕೆ ಮರಳಿದಳು.