ಅಕ್ಕನ ಹಿಂದೆ ನಿಂತ ಘೇಂಡಾಮೃಗ

ಕಳೆದ ವಾರ ಗ್ಯಾರೇಜು ಗುಡಿಸುವಾಗ ಹಳೆಯ ಸೂಟ್‌ಕೇಸಿನೊಳಗೆ ಅಗಲ ಅಂಚಿನ ಖಾಕಿ ಟೋಪಿಯೊಂದು ಸಿಕ್ಕಿತು. ಮೂಗಿಗೆ ಹಿಡಿದರೆ ನುಸಿಗುಳಿಗೆಯ ಘಾಟಿನ ಅಡಿಯಲ್ಲಿ ಇನ್ನೂ ಒಂದಿಷ್ಟು ಕೊಬ್ಬರಿ ಎಣ್ಣೆಯ ವಾಸನೆ. ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯಲ್ಲಿದ್ದ ಅಕ್ಕನ ಟೋಪಿ ಅದು. ಪೊರಕೆ ಬದಿಗಿಟ್ಟು ಅಲ್ಲೇ ಕೂತುಬಿಟ್ಟೆ...

ಅಕ್ಕ ಮೈಸೂರಿನವಳು. ಆಳು ದಷ್ಟಪುಷ್ಟ, ನಗು ಅದಕ್ಕಿಂತ ದೊಡ್ಡದು. ನಾನು ಆಗಷ್ಟೇ ಮದುವೆಯಾಗಿ ಅಮೆರಿಕಕ್ಕೆ ಬಂದವಳು. ಕೆಲಸ ಮಾಡುವ ವೀಸಾ ಇಲ್ಲ, ಕಾರು ಓಡಿಸಲು ಬಾರದು. ಗ್ರೋಸರಿಗೂ ದೇವಸ್ಥಾನಕ್ಕೂ ಅವಳ ಕಾರೇ ಗತಿ. ಡಾಟ್ ಕಾಮ್ ಜ್ವರ ನೆತ್ತಿಗೇರಿದ್ದ ಕಾಲ. ಅವಳ ಗಂಡ, ನಮಗೆಲ್ಲ ಭಾವ, ಕೆಲಸ ಮಾಡುತ್ತಿದ್ದ ಕಂಪನಿಯ ಷೇರು ಏರಿದ್ದೇ ಏರಿದ್ದು. ಆ ಸಲ ಊರಿಗೆ ಹೋಗಿ ಬರುವಾಗ ಕೀನ್ಯಾದಲ್ಲಿ ಇಳಿದು ಸಫಾರಿ ಮಾಡಿಕೊಂಡೇ ಬರುವುದೆಂದು ಅಕ್ಕ ತೀರ್ಮಾನಿಸಿದಳು. ನಾಗರಹೊಳೆ ಪಕ್ಕದಲ್ಲಿ ಹುಟ್ಟಿದವಳು ಆನೆ ನೋಡಲು ಆಫ್ರಿಕಾಕ್ಕೆ ಹೋಗುವುದಾ ಎಂದು ನಾವೆಲ್ಲ ರೇಗಿಸಿದೆವು. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಎರಡನೇ ಕ್ಲಾಸಿನಲ್ಲಿದ್ದ ಅಕ್ಕನ ಮಗಳು ವಾಪಸು ಬಂದವಳೇ, ಘೇಂಡಾಮೃಗವನ್ನು ಹತ್ತಿರದಿಂದ ನೋಡಿದೆ ಎಂದು ಸ್ಕೂಲಿನಲ್ಲಿ ಸಾರಿದಳು. ಯಾರೂ ನಂಬಲಿಲ್ಲ. ಶುಕ್ರವಾರ ಅವಳ ಸರದಿ. ಮಕ್ಕಳು ಮನೆಯಿಂದ ಏನಾದರೂ ತಂದು ಇಡೀ ಕ್ಲಾಸಿಗೆ ತೋರಿಸಿ ಮಾತಾಡಬೇಕಾದ ದಿನ. ಫೋಟೋ ತಂದರೆ ನಂಬುತ್ತೇವೆ, ಇಲ್ಲದಿದ್ದರೆ ನೀನು ಸುಳ್ಳುಗಾತಿ ಎಂದಿದ್ದರಂತೆ ಗೆಳತಿಯರು. ತರುತ್ತೇನೆ ಎಂದು ಇವಳೂ ಪಂಥ ಕಟ್ಟಿ ಬಂದಿದ್ದಳು.

ಗುರುವಾರ ಸಂಜೆ ರೀಲು ತೊಳೆಸಿ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದರೆ... ಪ್ರಾಣಿಗಳೇ ಇಲ್ಲ. ಫೋಟೋ ತೆಗೆದವರು ಭಾವ. ಅವರ ಶಾಸ್ತ್ರದಲ್ಲಿ ಮನುಷ್ಯರಿಲ್ಲದ ಫೋಟೋ ಎಂದರೆ ರೀಲು ದಂಡ. ಮೈಸೂರಿನ ಅವರ ಅತ್ತೆ ಮಾವನಿಗೆ ಬೇಕಾದದ್ದು ತಮ್ಮ ಮಗಳ ಮುಖ, ಮೃಗಗಳದ್ದಲ್ಲ. ಹಾಗಾಗಿ ಒಂದೊಂದರಲ್ಲೂ ವ್ಯಾನಿನ ಎತ್ತಿದ ಛಾವಣಿಯ ಕೆಳಗೆ ಅಕ್ಕ, ಅವಳ ಟೋಪಿ, ಮೂವತ್ತೆರಡು ಹಲ್ಲು. ಪಕ್ಕದಲ್ಲಿ ಆನೆಯ ಕಿವಿಯ ತುದಿ. ಟೋಪಿಯ ಮೇಲೆ ಕೊಂಬು ಮೂಡಿದಂತೆ ಜಿರಾಫೆಯ ತಲೆ. ಮಲಗಿದ್ದ ಸಿಂಹದ ಬಾಲವಷ್ಟೇ ಅವಳ ಮೊಣಕೈಯಾಚೆ ಕಾಣುತ್ತಿತ್ತು. ಘೇಂಡಾಮೃಗವಂತೂ ಪೂರ್ತಿ ಅವಳ ಹಿಂದೆ.

"ಅಷ್ಟು ದೊಡ್ಡ ಪ್ರಾಣೀನ ನಾನು ಹೇಗ್ರೀ ಮುಚ್ಚಿಬಿಟ್ಟೆ?" ಎಂದು ಅಕ್ಕ ಕೇಳಿದಳು. ಭಾವ ಬುದ್ಧಿವಂತರು, ಕ್ಯಾಮೆರಾ ಒರೆಸತೊಡಗಿದರು.

ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಮಗಳು ನಗಲಿಲ್ಲ. ನಾಳೆ ಎಲ್ಲರೂ ನನ್ನನ್ನು ಸುಳ್ಳುಗಾತಿ ಅಂತಾರೆ ಎಂದು ಇಂಗ್ಲಿಷಿನಲ್ಲಿ ಬಿಕ್ಕುತ್ತ ಮೇಜಿನ ಕೆಳಗೆ ಹೋಗಿ ಕೂತಳು. ನಮ್ಮ ನಗು ಅಲ್ಲಿಗೆ ನಿಂತಿತು. ಅಕ್ಕ ಕಷ್ಟಪಟ್ಟು ತಾನೂ ಮೇಜಿನ ಕೆಳಗೆ ತೂರಿದಳು. "ನಾಳೆ ನಾನೂ ಬರ್ತೀನಿ ಪುಟ್ಟಿ. ನೀನು ಹೇಳು, ನಾನು ತೋರಿಸ್ತೀನಿ" ಅಂದಳು.

ಮಾರನೆಯ ದಿನ ಧೈರ್ಯಕ್ಕಿರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಮಗಳು ನಡುಗುವ ದನಿಯಲ್ಲಿ ಶುರುಮಾಡಿದಳು. ಅಕ್ಕ ಚಪ್ಪಲಿ ಬಿಟ್ಟು, ದುಪಟ್ಟಾ ಸೊಂಟಕ್ಕೆ ಬಿಗಿದು, ಕಾರ್ಪೆಟ್ಟಿನ ಮೇಲೆ ಕೈಕಾಲೂರಿ ನಿಂತಳು. ಮೊದಲು ತಲೆ ತಗ್ಗಿಸಿ ಸುಮ್ಮನೆ ಹುಲ್ಲು ಮೇಯ್ದಳು, ಅವಸರವೇ ಇಲ್ಲದೆ. ಒಂದು ಕೈ ಕಿವಿಯ ಬಳಿ ತಂದು ಅಂಗೈಯನ್ನು ಅತ್ತಿತ್ತ ತಿರುಗಿಸಿದಳು. ಆಮೇಲೆ ಏನೋ ಸದ್ದಾದಂತೆ ತಲೆಯೆತ್ತಿ, ಮೂಗಿನಿಂದ ಬುಸ್ಸೆಂದು ಉಸಿರು ಬಿಟ್ಟಳು. ಮುಂದೆ ಕೂತಿದ್ದ ಮಕ್ಕಳು ಹಿಂದಕ್ಕೆ ಸರಿದರು. ಸುಳ್ಳು ಯಾಕೆ ಹೇಳಲಿ, ನಾನೂ ಸರಿದೆ. ಅದನ್ನು ಕಂಡು ಮಗಳ ದನಿ ಗಟ್ಟಿಯಾಯಿತು. ಅದರ ಕಣ್ಣು ಮಂದ, ಮೂಗು ಚುರುಕು, ಗಾಳಿಯಲ್ಲೇ ನಮ್ಮನ್ನು ಪತ್ತೆಹಚ್ಚಿತು ಎಂದು ಹೇಳುತ್ತಲೇ ಹೋದಳು... ಫೋಟೋದ ಮಾತನ್ನು ಯಾರೂ ಎತ್ತಲಿಲ್ಲ. ಇನ್ನೊಮ್ಮೆ, ಇನ್ನೊಮ್ಮೆ ಎಂದು ಗಲಾಟೆ. ಆನೆ, ನೀರಾನೆ, ಕಾಡೆಮ್ಮೆ ಎಲ್ಲವೂ ಆಗಿ ಅಕ್ಕ ಬೆವರಿ ತೊಪ್ಪೆಯಾದಳು. ಈ ದೇಶಕ್ಕೆ ಬಂದ ಮೇಲೆ ನಾನು ಮನಸಾರೆ ಕುಣಿದಾಡುವಷ್ಟು ಖುಷಿಪಟ್ಟದ್ದು ಆವತ್ತೇ ಮೊದಲು.

ಮುಂದೆ ಷೇರು ಏರಿದಷ್ಟೇ ಬೇಗ ಬಿತ್ತು. ಭಾವನಿಗೆ ಸ್ಯಾನ್ ಮಟಿಯೋದಲ್ಲಿ ಬೇರೆ ಕೆಲಸ ಸಿಕ್ಕಿ ಅವರು ಮನೆ ಬದಲಿಸಿದರು. ಹೊರಡುವ ದಿನ ಅಕ್ಕ ಈ ಟೋಪಿಯನ್ನು ನನ್ನ ತಲೆಗಿಟ್ಟು ನಕ್ಕಿದ್ದಳು. ಅವಳು ತೀರಿಕೊಂಡು ಈಗ ನಾಲ್ಕು ವರ್ಷ.

ಟೋಪಿ ಸಿಕ್ಕ ಸಂಜೆಯೇ ಅಕ್ಕನ ಮಗಳಿಗೆ ವೀಡಿಯೋ ಕರೆ ಮಾಡಿದೆ. ಅವಳಿಗೀಗ ಒಂದು ಪುಟ್ಟ ಮಗುವಿದೆ. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಳು, "ಆಂಟಿ, ಅಮ್ಮ ರೈನೋ ಹೇಗೆ ಮಾಡಿದ್ರು? ಇವನಿಗೆ ತೋರಿಸ್ಬೇಕು." ಅಕ್ಕನ ಫೋಟೋಗಳು ಬೇಕಾದಷ್ಟಿವೆ. ಅವಳು ಘೇಂಡಾಮೃಗವಾದದ್ದನ್ನು ಮಾತ್ರ ಆವತ್ತು ಯಾರೂ ತೆಗೆದಿರಲಿಲ್ಲ.

ಫೋನನ್ನು ಗೋಡೆಗೆ ಒರಗಿಸಿ ನೆಲಕ್ಕೆ ಕೈಯೂರಿದೆ. ಮೇಯ್ದೆ, ತಲೆಯೆತ್ತಿದೆ, ಬುಸ್ಸೆಂದೆ. ಮಗು ಕಿಲಕಿಲ ನಕ್ಕಿತು. ಮಗಳೂ ನಕ್ಕಳು. ಆಮೇಲೆ ಮೆಲ್ಲಗೆ, "ಹಾಗಲ್ಲ ಆಂಟಿ" ಅಂದಳು.

ಹಾಗಲ್ಲ ಎಂದು ನನಗೂ ಗೊತ್ತಿತ್ತು.