ಖಾಲಿ ಬುಟ್ಟಿಯ ಸಂಕೋಚ

ನನಗೊಂದು ವಿಚಿತ್ರ ಚಟ ಅಂಟಿಕೊಂಡಿದೆ. ಕಳ್ಳತನ ಎನ್ನೋಣವೆಂದರೆ ನಾನು ಅಂಗಡಿಯಿಂದ ಏನನ್ನೂ ಎತ್ತಿಕೊಂಡು ಬರುವುದಿಲ್ಲ, ಬಿಟ್ಟು ಬರುತ್ತೇನೆ. ನೆದರ್‌ಲೆಂಡ್ಸಿನ ಲೈಡನ್ನಿನಲ್ಲಿ ನಮ್ಮ ಬೀದಿಯ ಸೂಪರ್‌ಮಾರ್ಕೆಟ್ಟಿಗೆ ಹೋದಾಗಲೆಲ್ಲ, ಸಾಮಾನನ್ನು ಚೀಲಕ್ಕೆ ತುಂಬಿಕೊಂಡು ಖಾಲಿ ಬುಟ್ಟಿಯನ್ನು ಬಾಗಿಲ ಬಳಿ ಪೇರಿಸಿಡುವ ಮುನ್ನ ಆಚೀಚೆ ನೋಡುತ್ತೇನೆ. ಯಾರೂ ಗಮನಿಸುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಜೇಬಿನಿಂದ ಒಂದು ಪೆಪ್ಪರ್‌ಮಿಂಟೋ ಎರಡು ಏಲಕ್ಕಿಯೋ ತೆಗೆದು ಬುಟ್ಟಿಯೊಳಗೆ ಹಾಕಿ, ಬೇಗ ಬೇಗ ಹೊರಗೆ ಬಂದು ಸೈಕಲ್ ಹತ್ತುತ್ತೇನೆ. ಅಲ್ಲಿನ ಕ್ಯಾಮೆರಾ ನೋಡುವವರು ಯಾರಾದರೂ ಇದ್ದರೆ ನನ್ನ ವಿಷಯದಲ್ಲಿ ಒಂದು ಕಡತವನ್ನೇ ತೆರೆದಿರಬಹುದು.

ಇದಕ್ಕೆಲ್ಲ ಕಾರಣ ನನ್ನ ಸೋದರತ್ತೆ, ಸರೋಜತ್ತೆ. ಮೈಸೂರಿನ ಅಂಚೆ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಪಾರ್ಸೆಲ್ ಕೌಂಟರಿನ ಹಿಂದೆ ಕೂತು ನಿವೃತ್ತರಾದವರು. ಕೊರೋನಾದ ಮೊದಲ ವರ್ಷ, ಫೆಬ್ರುವರಿಯಲ್ಲಿ, ಎರಡು ತಿಂಗಳು ‘ಫಾರಿನ್ ನೋಡಿಕೊಂಡು ಹೋಗಲು’ ನನ್ನ ಬಳಿ ಬಂದರು. ನಾನು ದೊಡ್ಡ ಯೋಜನೆಗಳನ್ನೇ ಹಾಕಿಕೊಂಡಿದ್ದೆ. ಏಪ್ರಿಲ್‌ನಲ್ಲಿ ಸ್ಕಾಟ್‌ಲೆಂಡಿನ ಒಂದು ದ್ವೀಪಕ್ಕೆ ಟಿಕೆಟ್ಟೂ ಆಗಿತ್ತು: ಕಡಲು, ಕುರಿ, ಕಂಬಳಿ ನೇಯುವವರ ಅಂಗಡಿ, ಮಡಕೆ ಮಾಡುವವರ ಅಂಗಡಿ. ಮಾರ್ಚ್‌ನಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ವಿಮಾನ ನಿಂತಿತು, ದ್ವೀಪ ದ್ವೀಪವಾಗಿಯೇ ಉಳಿಯಿತು, ಎರಡು ತಿಂಗಳಿಗೆ ಬಂದ ಅತ್ತೆ ಏಳು ತಿಂಗಳು ನನ್ನ ಅಡುಗೆಮನೆಯಲ್ಲಿ ಉಳಿದರು.

ಅತ್ತೆಗೆ ಅದರಿಂದ ಬೇಸರವಾಗಿದ್ದರೂ ತೋರಿಸಿಕೊಳ್ಳಲಿಲ್ಲ. ಕಷ್ಟವಾಗಿದ್ದು ಭಾನುವಾರಗಳಲ್ಲಿ. ಮೈಸೂರಿನ ಅವರ ಎದುರುಮನೆಯ ಪದ್ಮಮ್ಮ ಪ್ರತಿ ಭಾನುವಾರ ತಪ್ಪದೆ ವಿಡಿಯೋ ಕರೆ ಮಾಡಿ, ಈ ವಾರ ಏನು ನೋಡಿದಿರಿ ಎಂದು ವಿಚಾರಿಸುತ್ತಿದ್ದರು. ಪದ್ಮಮ್ಮ ಒಮ್ಮೆ ಹತ್ತು ದಿನದಲ್ಲಿ ಎಂಟು ದೇಶ ನೋಡಿ ಬಂದವರು. ಅತ್ತೆ ಸುಳ್ಳು ಹೇಳುವವರಲ್ಲ. ‘ಇಲ್ಲಿ ಎದುರುಗಡೆ ಮನೆ ಬೆಕ್ಕು ನೋಡಿದೆ’ ಎನ್ನುತ್ತಿದ್ದರು. ಮುಂದಿನ ವಾರ, ‘ಅದೇ ಬೆಕ್ಕು.’ ನಾನು ಪಕ್ಕದ ಕೋಣೆಯಲ್ಲಿ, ಭಾನುವಾರವೂ ಬಿಡದ ನನ್ನ ಪ್ರಯೋಗಾಲಯದ ಜೂಮ್ ಮೀಟಿಂಗಿನಲ್ಲಿ ಕೂತು ಯೀಸ್ಟಿನ ಬಗ್ಗೆ ಮಾತಾಡುತ್ತ, ಒಂದು ಕಿವಿಯಲ್ಲಿ ಇದನ್ನು ಕೇಳಿಸಿಕೊಂಡು ಕುಗ್ಗಿಹೋಗುತ್ತಿದ್ದೆ. ಫಾರಿನ್ನಿಗೆ ಕರೆಸಿಕೊಂಡು ಬೆಕ್ಕು ತೋರಿಸಿ ಕಳಿಸಿದ ಸೊಸೆ ಎಂಬ ಹೆಸರು ನಮ್ಮ ಬಳಗದಲ್ಲಿ ಎರಡು ತಲೆಮಾರು ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ವಿಶೇಷ ವಿಮಾನವೊಂದರಲ್ಲಿ ಅತ್ತೆಗೆ ಸೀಟು ಸಿಕ್ಕಿತು. ಹೊರಡುವ ಮೊದಲು ನನಗೆ ಉಳಿದಿದ್ದು ಒಂದೇ ಶನಿವಾರ. ಸ್ಕಾಟ್‌ಲೆಂಡ್ ಇಲ್ಲದಿದ್ದರೇನು, ನಮ್ಮಲ್ಲೇ ಟೆಸೆಲ್ ದ್ವೀಪ ಇದೆಯಲ್ಲ ಎಂದುಕೊಂಡೆ. ಡಚ್ಚರು ಅದನ್ನು ಬರೆಯುವಾಗ ನಡುವೆ ಒಂದು ಎಕ್ಸ್ ಹಾಕಿ, ಓದುವಾಗ ಆ ಎಕ್ಸನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಅಲ್ಲೂ ಕಡಲಿದೆ, ಕುರಿ ಇದೆ, ಉಣ್ಣೆ ಇದೆ, ಕುಂಬಾರರಿದ್ದಾರೆ. ಬೆಟ್ಟ ಒಂದಿಲ್ಲ, ಅದಕ್ಕೆ ಈ ದೇಶದಲ್ಲಿ ಯಾರೂ ಜವಾಬ್ದಾರರಲ್ಲ. ಅತ್ತೆ ಬೆಳಿಗ್ಗೆ ಐದಕ್ಕೇ ಎದ್ದು ಕೋಡುಬಳೆ ಕರಿದು, ಊರಿನಿಂದ ತಂದಿದ್ದ ಸ್ಟೀಲ್ ಡಬ್ಬಿಗೆ ತುಂಬಿದರು. ಡಬ್ಬಿಯ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಸರೋಜ’ ಎಂದು ಕೊರೆದಿತ್ತು.

ಮಳೆ ಡೆನ್ ಹೆಲ್ಡರ್ ಬಂದರಿನಲ್ಲಿ ನಮ್ಮ ಜೊತೆ ದೋಣಿ ಹತ್ತಿತು. ಇಲ್ಲಿನ ಮಳೆಗೆ ಮೇಲಿಂದ ಕೆಳಗೆ ಬೀಳುವ ಶಿಸ್ತಿಲ್ಲ. ಅಡ್ಡಡ್ಡವಾಗಿ ಬರುತ್ತದೆ, ಕೆಲವೊಮ್ಮೆ ಕೆಳಗಿಂದಲೂ ಬರುತ್ತದೆ. ದ್ವೀಪದ ಮರಳದಂಡೆಗೆ ಕಾಲಿಟ್ಟು ಎರಡು ನಿಮಿಷದಲ್ಲಿ ನನ್ನ ಕೊಡೆ ತಿರುವುಮುರುವಾಗಿ ಕೈಯಲ್ಲಿ ಕಡ್ಡಿ ಉಳಿಯಿತು. ಕಡಲು ಮಂಜಿನೊಳಗೆ ಎಲ್ಲೋ ಗುಡುಗುತ್ತಿತ್ತು, ಕಾಣುತ್ತಿರಲಿಲ್ಲ. ‘ಅತ್ತೆ, ಇದೇ ನಾರ್ತ್ ಸೀ’ ಎಂದು ಶೂನ್ಯದತ್ತ ಕೈ ತೋರಿಸಿದೆ. ಅತ್ತೆ ಸೀರೆಯ ಮೇಲೆ ಹಾಕಿದ್ದ ನನ್ನ ರೇನ್‌ಕೋಟಿನ ಟೊಪ್ಪಿಯೊಳಗಿಂದ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ಇದೆ ಅಂತ ನೀನು ಹೇಳುತ್ತೀಯಲ್ಲ, ಸಾಕು ಬಿಡು ಎಂದರು. ಹಿಂದೆ ಹುಲ್ಲುಗಾವಲಿನಲ್ಲಿ ಕುರಿಗಳು ಗಾಳಿಗೆ ಬೆನ್ನು ತಿರುಗಿಸಿ ನಿಂತಿದ್ದವು. ನಾವೂ ತಿರುಗಿ ನಿಂತೆವು. ಪದ್ಮಮ್ಮನಿಗೆ ಹೇಳಲು ಬೆಕ್ಕಿನ ಜೊತೆ ಈಗ ಕುರಿ ಸೇರಿತು, ಅಷ್ಟೇ.

ಇನ್ನು ಉಳಿದಿದ್ದು ಊರೊಳಗಿನ ಕರಕುಶಲದ ಅಂಗಡಿಗಳು. ಎಲ್ಲ ಅಂಗಡಿಗಳ ಬಾಗಿಲಲ್ಲೂ ಒಂದೇ ಸೂಚನೆ: ಬುಟ್ಟಿ ಹಿಡಿದೇ ಒಳಗೆ ಬನ್ನಿ. ಒಳಗೆಷ್ಟು ಜನ ಇದ್ದಾರೆಂದು ಲೆಕ್ಕ ಇಡಲು ಇವರು ಕಂಡುಕೊಂಡ ಉಪಾಯ ಅದು. ಐದು ಬುಟ್ಟಿ, ಐದು ಜನ. ನಾನು ಇದನ್ನು ಅತ್ತೆಗೆ ವಿವರಿಸಿದೆ. ಆದರೆ ವಿವರಿಸುವಾಗ ‘ಅವರೇ ಒಂದು ಬುಟ್ಟಿ ಕೊಡ್ತಾರೆ, ಹೋಗ್ತಾ ವಾಪಸ್ ಕೊಡಬೇಕು’ ಎಂದೆ. ಅಲ್ಲೇ ಎಡವಟ್ಟಾಯಿತು.

ಮೊದಲನೆಯದು ಉಣ್ಣೆ ಅಂಗಡಿ. ಅತ್ತೆ ಎಲ್ಲವನ್ನೂ ಮುಟ್ಟದೆ ನೋಡಿ, ಏನೂ ಕೊಳ್ಳದೆ ಬಾಗಿಲಿಗೆ ಬಂದು, ಬುಟ್ಟಿ ಹಿಡಿದು ಹಾಗೇ ನಿಂತುಬಿಟ್ಟರು. ಇಟ್ಟು ಬನ್ನಿ ಎಂದೆ.

‘ಖಾಲಿ ಹೇಗೆ ವಾಪಸ್ ಕೊಡೋದೇ?’

ಪಕ್ಕದ ಮನೆಯವರು ಪಾಯಸ ಕಳಿಸಿದ ಪಾತ್ರೆಯನ್ನು ತೊಳೆದು ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಹಿಂದಿರುಗಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಅದು ಪಾತ್ರೆಗೆ ಸಲ್ಲುವ ಮರ್ಯಾದೆ, ಪ್ಲಾಸ್ಟಿಕ್ ಬುಟ್ಟಿಗಲ್ಲ ಎಂದು ನಾನು ವಾದಿಸುತ್ತಿರುವಾಗಲೇ ಅವರು ಕೈಚೀಲದಿಂದ ಕಲ್ಲುಸಕ್ಕರೆಯ ಪೊಟ್ಟಣ ತೆಗೆದು ಒಂದು ಹರಳನ್ನು ಬುಟ್ಟಿಗೆ ಹಾಕಿ ಆಗಿತ್ತು. ಅಂಗಡಿಯ ಹುಡುಗಿ ಮಳೆಯಲ್ಲೇ ನಮ್ಮ ಹಿಂದೆ ಓಡಿ ಬಂದು, ಮೇವ್ರೌ, ಅಂದರೆ ಅಮ್ಮಾವ್ರೇ, ನಿಮ್ಮದೇನೋ ಬಿದ್ದಿದೆ ಎಂದು ಆ ಹರಳನ್ನು ಭಕ್ತಿಯಿಂದ ಒಪ್ಪಿಸಿದಳು. ಅವಳು ಅದನ್ನು ಯಾವುದೋ ಅಮೂಲ್ಯ ಕಲ್ಲು ಎಂದುಕೊಂಡಿದ್ದಳೋ ಏನೋ.

ಎರಡನೆಯದು ಮೇಣದಬತ್ತಿಯ ಅಂಗಡಿ. ಇಲ್ಲಿ ಅತ್ತೆ ಎರಡು ಕೋಡುಬಳೆಯನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರು. ಬುಟ್ಟಿ ಒರೆಸಲು ನಿಂತಿದ್ದ ಮನುಷ್ಯ ತಲೆಯೆತ್ತದೆ ಬುಟ್ಟಿಗೂ ಕೋಡುಬಳೆಗೂ ಸೇರಿಸಿ ಸ್ಯಾನಿಟೈಸರ್ ಹೊಡೆದ. ಸೂಕ್ಷ್ಮಜೀವಿಗಳನ್ನೇ ನಂಬಿ ಬದುಕುವ ನಾನು ಅವನನ್ನು ಮೆಚ್ಚಿಕೊಳ್ಳಬೇಕಿತ್ತು. ಅತ್ತೆಯ ಮುಖ ನೋಡಿ ಮೆಚ್ಚಲಾಗಲಿಲ್ಲ.

ಇಲ್ಲಿ ಕೋಡುಬಳೆಯ ಬಗ್ಗೆ ಎರಡು ಮಾತು ಹೇಳಬೇಕು. ಕೋಡಿನಂತೆ ಬಾಗಿದ ಬಳೆಯಾದ್ದರಿಂದ ಅದು ಕೋಡುಬಳೆ ಎಂದು ಬಲ್ಲವರು ಹೇಳುತ್ತಾರೆ. ಅತ್ತೆ ಒಪ್ಪುವುದಿಲ್ಲ. ಅದು ಮೂಲದಲ್ಲಿ ‘ಕೊಡು’ಬಳೆ, ಕೊಡಲೆಂದೇ ಹುಟ್ಟಿದ ತಿಂಡಿ, ಮನೆಯವರೇ ತಿಂದು ಮುಗಿಸುವ ಸಂಸಾರಗಳು ದೀರ್ಘ ಎಳೆದು ಕೆಡಿಸಿದವು ಎಂಬುದು ಅವರ ಸಂಶೋಧನೆ. ಟೆಸೆಲ್ ಕುರಿಗಳನ್ನು ಹತ್ತಿರದಿಂದ ನೋಡಿದ ಮೇಲೆ ಅವರಿಗೆ ಇನ್ನೊಂದು ಆಧಾರ ಸಿಕ್ಕಿತು. ಆ ಕುರಿಗಳಿಗೆ ಕೋಡೇ ಇಲ್ಲ.

ಮೂರನೆಯದು ಊರ ಅಂಚಿನಲ್ಲಿದ್ದ ಕುಂಬಾರಿಕೆಯ ಅಂಗಡಿ. ಕೋಣೆ ಚಿಕ್ಕದು, ಬಾಗಿಲಲ್ಲಿ ಇದ್ದಿದ್ದು ಒಂದೇ ಬುಟ್ಟಿ, ಅಂದರೆ ಒಬ್ಬರಿಗೇ ಪ್ರವೇಶ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿದ್ದರು. ದುಭಾಷಿ ಹೊರಗೆ ಮಳೆಯಲ್ಲಿ ಉಳಿದಳು.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಗಾಜಿನ ಕಿಟಕಿಗೆ ಮೂಗು ಒತ್ತಿ ನೋಡಿದೆ. ಎಪ್ಪತ್ತರ ಸುಮಾರಿನ ಒಬ್ಬಾಕೆ ಮಣ್ಣು ಮೆತ್ತಿದ ಏಪ್ರನ್ ಕಟ್ಟಿಕೊಂಡು ಕೋಡುಬಳೆ ಕಡಿಯುತ್ತಿದ್ದಳು. ಅತ್ತೆ ಕೊರೋನಾ ನಿಯಮದಂತೆ ಒಂದೂವರೆ ಮೀಟರು ದೂರದ ಸ್ಟೂಲಿನ ಮೇಲೆ ಕೂತು ಮೊಣಕಾಲು ತೋರಿಸಿ ಏನೋ ಹೇಳುತ್ತಿದ್ದರು. ಆಕೆಯೂ ತನ್ನ ಮೊಣಕಾಲು ತೋರಿಸಿದಳು. ಇಬ್ಬರೂ ನಕ್ಕರು. ಏಳು ತಿಂಗಳಲ್ಲಿ ಅತ್ತೆ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ನಾಚಿಕೆಯಾಯಿತು. ಏಳು ತಿಂಗಳು ನಾನು ಅವರಿಗೆ ಕಡಲು, ದ್ವೀಪ, ಮ್ಯೂಸಿಯಂ ತೋರಿಸಲಾಗಲಿಲ್ಲವೆಂದು ಕೊರಗಿದ್ದೆನೇ ಹೊರತು, ಮೀಟಿಂಗ್ ಮುಗಿಸಿ ಅವರ ಪಕ್ಕ ಸುಮ್ಮನೆ ಕೂತು ಮೊಣಕಾಲಿನ ವಿಷಯ ಮಾತಾಡಿರಲಿಲ್ಲ.

ಅತ್ತೆ ಹೊರಬಂದಾಗ ಕೈಯಲ್ಲಿ ಕೊಂಡುಕೊಂಡ ಒಂದು ಪುಟ್ಟ ಕುಡಿಕೆ ಇತ್ತು, ಡಬ್ಬಿ ಇರಲಿಲ್ಲ. ಆಕೆ ಕುಡಿಕೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತದೆ, ಮೂಲೆಯ ಗೋಣಿಯಿಂದ ತೊಳೆಯದ ಕುರಿಯುಣ್ಣೆಯನ್ನು ಹಿಡಿ ಹಿಡಿಯಾಗಿ ತೆಗೆದು ಅದರಲ್ಲಿ ಹುದುಗಿಸಿ ಕೊಟ್ಟಿದ್ದಳು. ಒಡೆಯುವ ಸಾಮಾನಿಗೆಲ್ಲ ಅವಳದು ಅದೇ ಪ್ಯಾಕಿಂಗ್. ವಾಪಸು ಬರುವಾಗ ರೈಲಿನಲ್ಲಿ ಆ ಉಣ್ಣೆಯ ವಾಸನೆಗೆ ಜನ ಒಂದೂವರೆ ಮೀಟರಲ್ಲ, ಮೂರು ಮೀಟರು ದೂರ ಕೂತರು. ಡಬ್ಬಿ ಎಲ್ಲಿ ಎಂದು ಕೇಳಿದೆ. ಮಿಕ್ಕ ಕೋಡುಬಳೆಯ ಜೊತೆ ಕೊಟ್ಟುಬಿಟ್ಟೆ, ನಿನ್ನ ವಿಳಾಸ ಬರೆದುಕೊಟ್ಟಿದ್ದೇನೆ, ಪಿನ್‌ಕೋಡ್ ಸಮೇತ, ವಾಪಸ್ ಕಳಿಸುತ್ತಾಳೆ ಎಂದರು. ಯಾವ ಭಾಷೆಯಲ್ಲಿ ಮಾತಾಡಿದಿರಿ ಎಂದೆ. ಅವಳದರಲ್ಲಿ ಅವಳು, ನನ್ನದರಲ್ಲಿ ನಾನು, ಅವಳಿಗೂ ಎಡಗಾಲೇ ನೋವಂತೆ ಎಂದರು.

ಅತ್ತೆ ಮೈಸೂರು ಮುಟ್ಟಿದ ಮೇಲೆ ಪದ್ಮಮ್ಮನ ವಿಚಾರಣೆ ಎದುರುಮನೆಯ ಜಗಲಿಯಲ್ಲೇ ಮುಂದುವರಿಯಿತು. ಅತ್ತೆ ಕಡಲನ್ನೂ ಕುರಿಯನ್ನೂ ಬಿಟ್ಟು ಡಬ್ಬಿಯ ಕತೆ ಹೇಳಿದರಂತೆ. ಪದ್ಮಮ್ಮ ನಕ್ಕುಬಿಟ್ಟರಂತೆ. ಎಂಟು ದೇಶ ನೋಡಿದ ಅನುಭವದಲ್ಲಿ ಹೇಳುತ್ತೇನೆ, ಆ ಡಬ್ಬಿಯನ್ನು ಮರೆತುಬಿಡಿ ಎಂದರಂತೆ. ಬರುತ್ತೆ, ಖಾಲಿಯಾಗಿಯೂ ಬರಲ್ಲ ಎಂದು ಅತ್ತೆ ಇಡೀ ಬೀದಿಯ ಮುಂದೆ ಹೇಳಿಬಿಟ್ಟರು. ಅಲ್ಲಿಂದ ಪ್ರತಿ ಭಾನುವಾರ ಕರೆ ಬರುವುದು ನನಗೆ: ಡಬ್ಬಿ ಬಂತಾ? ನಾನು ಯೀಸ್ಟ್ ಬಿಟ್ಟು ಅಂಚೆಯವನ ದಾರಿ ಕಾಯತೊಡಗಿದೆ. ಅತ್ತೆ ಈ ದೇಶದಲ್ಲಿ ನೋಡಿದ್ದೆಲ್ಲ ಈಗ ಆ ಡಬ್ಬಿಯ ಮೇಲೆ ನಿಂತಿತ್ತು.

ನವೆಂಬರಿನ ಒಂದು ಶುಕ್ರವಾರ ಪಾರ್ಸೆಲ್ ಬಂತು. ರುಚಿಯಾದ ಬಳೆಗಳಿಗೆ ವಂದನೆ, ಡಬ್ಬಿ ಇಗೋ ಎಂದು ಡಚ್ಚಿನಲ್ಲಿ ಎರಡು ಸಾಲು. ಮುಚ್ಚಳ ತೆಗೆದೆ. ಒಳಗೆ ಗಿಡಿದು ತುಂಬಿದ್ದ ಕುರಿಯುಣ್ಣೆ. ಪದರ ಪದರವಾಗಿ ಬಿಡಿಸಿದೆ, ಬಟ್ಟಲೋ ಬಿಲ್ಲೆಯೋ ಸಿಗುತ್ತದೆಂದು ತಳದವರೆಗೆ ಬೆರಳಾಡಿಸಿದೆ. ಏನೂ ಇರಲಿಲ್ಲ. ಡಬ್ಬಿ ನಜ್ಜುಗುಜ್ಜಾಗದಿರಲಿ ಎಂದು ತುಂಬಿದ ಪ್ಯಾಕಿಂಗ್, ಅಷ್ಟೇ. ಸಂಕಟಕ್ಕೆ ನಾನೇ ಒಂದು ಒಳ್ಳೆಯ ಸೋಪು ತಂದು ಒಳಗಿಟ್ಟೆ. ಆಮೇಲೆ ಅದು ನಮ್ಮ ಬೀದಿಯ ಸೂಪರ್‌ಮಾರ್ಕೆಟ್ಟಿನದೆಂದು ಅತ್ತೆಗೆ ಗುರುತು ಸಿಕ್ಕೇ ಸಿಗುತ್ತದೆ ಎಂದು ನೆನಪಾಗಿ ತೆಗೆದೆ.

ಭಾನುವಾರದ ವಿಡಿಯೋದಲ್ಲಿ ಅತ್ತೆಯ ಭುಜದ ಹಿಂದೆ ಪದ್ಮಮ್ಮನೂ ಇದ್ದರು. ನಾನು ಮುಚ್ಚಳ ತೆಗೆದು ತೋರಿಸಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಒಂದು ಕ್ಷಣ ನೋಡಿದರು.

‘ನೋಡಿದ್ರಾ ಪದ್ಮಮ್ಮ? ಅಪ್ಪಟ ಉಣ್ಣೆ. ಅವರ ಊರಿನ ಕುರೀದೇ.’

ಪದ್ಮಮ್ಮ ಬಗ್ಗಿ ನೋಡಿ, ಚೆನ್ನಾಗಿದೆ, ನಮಗೆ ಎಂಟು ದೇಶದಲ್ಲಿ ಯಾರೂ ಏನೂ ಕೊಡಲಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿ ಮನೆಗೆ ಹೋದರು. ಅವರು ಹೋದದ್ದನ್ನು ಖಾತ್ರಿ ಮಾಡಿಕೊಂಡು ನಾನು ಮೆಲ್ಲಗೆ, ಅತ್ತೆ, ಅದು ಉಡುಗೊರೆ ಅಲ್ಲ, ಪ್ಯಾಕಿಂಗ್ ಇರಬೇಕು ಎಂದೆ. ವಿಜ್ಞಾನಿಗಳಿಗೆ ಸತ್ಯ ಹೇಳದಿದ್ದರೆ ಊಟ ಸೇರುವುದಿಲ್ಲ.

‘ಮೂವತ್ತು ವರ್ಷ ಪಾರ್ಸೆಲ್ ಕೌಂಟರಲ್ಲಿ ಕೂತಿದ್ದೋಳಿಗೆ ಪ್ಯಾಕಿಂಗ್ ಯಾವುದು ಅಂತ ನೀನು ಹೇಳ್ಕೊಡ್ತೀಯಾ?’ ಎಂದರು ಅತ್ತೆ. ‘ಖಾಲಿ ಇತ್ತಾ, ಅದನ್ನ ಹೇಳು.’

ಇರಲಿಲ್ಲ ಎಂದೆ.

ಮುಂದಿನ ವರ್ಷ ಅಂಚೆ ಮತ್ತೆ ಸರಿಯಾಗಿ ಓಡತೊಡಗಿದ ಮೇಲೆ ಆ ಡಬ್ಬಿಯನ್ನು ಮೈಸೂರಿಗೆ ಕಳಿಸಲು ಹೋದೆ. ಉಣ್ಣೆಯನ್ನು ತೊಳೆದು ಒಣಗಿಸಿ ಅದರೊಳಗೇ ತುಂಬಿದ್ದೆ, ಬೇರೇನನ್ನೂ ಇಟ್ಟಿರಲಿಲ್ಲ. ಕೌಂಟರಿನಲ್ಲಿದ್ದಾಕೆ ಸುಂಕದ ಫಾರಮ್ಮನ್ನೂ ತನ್ನ ಪೆನ್ನನ್ನೂ ಕೊಟ್ಟು, ಡಬ್ಬಿಯನ್ನು ಅಲ್ಲಾಡಿಸಿ ನೋಡಿ, ಒಳಗೇನೂ ಇಲ್ಲವಲ್ಲ ಎಂದಳು. ಫಾರಮ್ಮಿನಲ್ಲಿ ಒಳಗಿರುವುದು ಏನೆಂದು ಟಿಕ್ ಹಾಕಲು ಕೆಲವು ಚೌಕಗಳಿದ್ದವು. ನಾನು ‘ಉಡುಗೊರೆ’ ಎಂಬುದಕ್ಕೆ ಟಿಕ್ ಹಾಕಿ, ಪೆನ್ನಿನ ಜೊತೆ ಒಂದು ಏಲಕ್ಕಿಯನ್ನೂ ಅವಳಿಗೆ ವಾಪಸು ಕೊಟ್ಟೆ.