ಹೊಸ ಮಷೀನಿಗೆ ಹೋಗದ ಹೆಸರು

ಮೊನ್ನೆ ಶಹಾಬಾದಿನ ಬ್ಯಾಂಕಿನಲ್ಲಿ ಪಾಸ್‌ಬುಕ್ ಕೊಟ್ಟು ನಿಂತಿದ್ದೆ. ಪ್ರಿಂಟರ್ ಕಿರ್ರೆಂದು ಓಡಿತು, ಕಾದ ರಿಬ್ಬನ್ನಿನ ಮಸಿ ವಾಸನೆ ಮೂಗಿಗೆ ಬಡಿಯಿತು. ಹಿಂದಿನವರು "ಸರೀರಿ ಮುಂದ" ಎಂದು ಗದರುವ ತನಕ ನಾನು ಅಲ್ಲಿರಲೇ ಇಲ್ಲ. ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಕಂಪ್ಯೂಟರ್ ರೂಮಿನಲ್ಲಿದ್ದೆ, ಚಾಚಾ ಅವರ ಪಕ್ಕದಲ್ಲಿ...

ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಆ ಹಿರಿಯರು ಆ ರೂಮಿಗೆ ಮುಖ್ಯಸ್ಥರು, ನಾನು ಆಪರೇಟರ್. ಸುಣ್ಣಕಲ್ಲಿನ ಧೂಳು ಮಷೀನಿಗೆ ಆಗದು ಎಂದು ಚಪ್ಪಲಿ ಹೊರಗೆ ಬಿಡಿಸುತ್ತಿದ್ದರು. ಒಮ್ಮೆ ದೊಡ್ಡ ಸಾಹೇಬರನ್ನೇ ಹೊಸ್ತಿಲಲ್ಲಿ ತಡೆದು ಬೂಟು ಬಿಚ್ಚಿಸಿದ್ದರು. ಸಾಹೇಬರ ಕಾಲುಚೀಲದ ತೂತು ನೋಡಿ ನಾವು ಕೆಮ್ಮಿನ ನೆಪದಲ್ಲಿ ನಕ್ಕದ್ದು ನೆನಪಿದೆ.

ಅವರಿಗಿದ್ದವನು ಒಬ್ಬನೇ ಮಗ. ನಮ್ಮದೇ ಕಾರ್ಖಾನೆಯ ಫಿಟ್ಟರ್. ಕಾಮಾಲೆ ಬಂದು, ನೋಡನೋಡುತ್ತ ತೀರಿಕೊಂಡ. ತೀರಿದವರ ಹೆಸರನ್ನು ಕಂಪ್ಯೂಟರಿನಿಂದ ತೆಗೆಯಬೇಕಾದವರು ಚಾಚಾ ಅವರೇ. ಅವರು ತೆಗೆಯಲಿಲ್ಲ. ವಾರವಾರವೂ ಹಾಜರಿ ಪಟ್ಟಿ ಛಾಪಿಸಿದಾಗ ಅವನ ಟೋಕನ್ ನಂಬರು, ಹೆಸರು ಬರುತ್ತಿದ್ದವು. ಗೇಟಿನ ಗುಮಾಸ್ತರು ಆ ಸಾಲು ಖಾಲಿ ಬಿಟ್ಟು ಕೆಳಗಿನದಕ್ಕೆ ಹೋಗುತ್ತಿದ್ದರು. ಇಡೀ ಆಫೀಸಿಗೆ ಗೊತ್ತಿತ್ತು, ಯಾರೂ ಸೊಲ್ಲೆತ್ತಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಹೊಸ ಕಂಪ್ಯೂಟರ್ ಬಂತು. ಅದರ ಆಪರೇಟಿಂಗ್ ಸಿಸ್ಟಮ್ಮೇ ಬೇರೆ, ಹಳೆಯ ಪ್ರೋಗ್ರಾಮು ಒಂದೂ ಅದರಲ್ಲಿ ಓಡದು. ಬೆಂಗಳೂರಿನಿಂದ ಬಂದ ಎಂಜಿನಿಯರ್ ಪ್ರೋಗ್ರಾಮುಗಳನ್ನು ಹೊಸದಾಗಿ ಬರೆದು, ಎಲ್ಲ ಮಾಹಿತಿಯನ್ನು ದಾಟಿಸತೊಡಗಿದ. ಸದ್ಯ ಕೆಲಸದಲ್ಲಿರುವವರ ಹೆಸರು ಮಾತ್ರ ಹೋಗಬೇಕು, ಗೇಟಿನ ಲೆಕ್ಕಕ್ಕೆ ತಾಳೆಯಾದ ಮೇಲೆಯೇ ಹಳೆಯದನ್ನು ಬಂದ್ ಮಾಡಬೇಕು ಎಂಬ ಕಟ್ಟಪ್ಪಣೆ ಇತ್ತು. ತಾಳೆ ಆಗಲಿಲ್ಲ. ಒಂದು ಹೆಸರು ಹೆಚ್ಚು ಬರುತ್ತಿತ್ತು. ಪಾಪ, ಆ ಹುಡುಗ ಊಟ ಬಿಟ್ಟು ತನ್ನ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕುತ್ತ ಕೂತ. ನಾವೆಲ್ಲ ಗೋಡೆ ನೋಡುತ್ತಿದ್ದೆವು.

"ಹುಡುಕಬ್ಯಾಡ್ರಿ ಸಾಹೇಬ್ರ," ಎಂದರು ಚಾಚಾ. "ಅದು ನನ್ನ ಮಗನ ನಂಬರ್ ಅದ. ಅಂವ ಈಗ ಇಲ್ಲ."

ಎಂಜಿನಿಯರ್ ಕಕ್ಕಾಬಿಕ್ಕಿಯಾದ. ಕುರ್ಚಿ ಹಿಂದಕ್ಕೆ ಸರಿಸಿ, "ಇರಲಿ ಬಿಡಿ ಸಾರ್, ಹೊಸದರಲ್ಲೂ ಹೇಗಾದರೂ ಉಳಿಸೋಣ," ಎಂದ. ಒಳ್ಳೆಯ ಹುಡುಗ.

"ಬ್ಯಾಡ್ರಿ. ಹಳೇದಕ್ಕ ಸುಳ್ಳು ಹೇಳ್ಕೋತ ಬಂದೀನಿ. ಹೊಸದಕ್ಕೂ ಅದನ್ನ ಕಲಿಸಬ್ಯಾಡ್ರಿ."

ನನಗೆ ತಡೆಯಲಾಗಲಿಲ್ಲ. "ನೀವು ಹೊರಗ ಕುಂದ್ರಿ ಚಾಚಾ, ಆ ಹೆಸರು ನಾ ಅಳಸ್ತೀನಿ," ಎಂದೆ.

"ಇಲ್ಲ ತಮ್ಮಾ. ಅವತ್ತ ಕಬರಸ್ತಾನದಾಗ ಮಂದಿ ಎಲ್ಲಾ ಅವನ ಗೋರಿಗೆ ಹಿಡಿ ಹಿಡಿ ಮಣ್ಣು ಹಾಕಿದ್ರು. ನನ್ನ ಕೈ ಏಳಲೇ ಇಲ್ಲ. ಇದನ್ನರೆ ನಾನೇ ಮಾಡ್ತೀನಿ."

ಕನ್ನಡಕ ಒರೆಸಿಕೊಂಡು ಕೀಬೋರ್ಡಿನ ಮುಂದೆ ಕೂತರು. ಒಂದೇ ಬೆರಳಿನಿಂದ ನಂಬರ್ ಹೊಡೆದರು. ಪರದೆಯ ಮೇಲೆ ಹೆಸರು ಮೂಡಿತು. ಅದನ್ನು ನೋಡುತ್ತ ಎಷ್ಟು ಹೊತ್ತು ಕೂತರೋ... ಅಳಿಸಿದರು. ಆಮೇಲೆ ಎರಡೂ ಅಂಗೈ ಎತ್ತಿ ತೀರಿದವರಿಗಾಗಿ ಓದುವ ಫಾತಿಹಾವನ್ನು ತುಟಿಯಲ್ಲೇ ಓದಿದರು. ಯಾರೂ ಹೇಳದೆ ನಾವೆಲ್ಲ ಎದ್ದು ನಿಂತೆವು. ಎಂಜಿನಿಯರ್ ಕೈ ಮುಗಿದುಕೊಂಡಿದ್ದ.

"ಈಗ ನೋಡ್ರಿ, ಲೆಕ್ಕ ಕೂಡ್ತದ," ಎಂದರು. ಕೂಡಿತು.

ಹೊಸ ಮಷೀನು ಶುರುವಾಯಿತೆಂದು ಸಂಜೆ ಆಫೀಸಿನ ಹುಡುಗರು ಪೇಡೆ ಹಂಚಿದರು. ಹುಡುಗರ ಖುಷಿ ಕೆಡಬಾರದೆಂದು ಚಾಚಾ ಒಂದನ್ನು ಬಾಯಿಗೆ ಹಾಕಿಕೊಂಡರು. ನಾನು ನನ್ನದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ.

ಮುಂದೆ ಅವರು ನಿವೃತ್ತರಾಗಿ ಚಿತ್ತಾಪುರಕ್ಕೆ ಹೋದರು. ವರ್ಷಗಳು ಕಳೆದು, ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ದಿನಗಳಾಗಿದ್ದವು. ಆದರೂ ಹೋದೆ. ಗೋರಿಯ ಮಣ್ಣು ಇನ್ನೂ ಕೂತಿರಲಿಲ್ಲ. ಬಾಗಿ ಒಂದು ಹಿಡಿ ಹಾಕಿ ಬಂದೆ. ಅಷ್ಟು ತಡವಾಗಿ ಹಾಕಿದ್ದು ನಡೆಯುತ್ತದೋ ಇಲ್ಲವೋ, ಇವತ್ತಿಗೂ ತಿಳಿಯದು. ಕೇಳಬಹುದಾಗಿದ್ದವರು ಅವರೊಬ್ಬರೇ.